ಬಿಸಿಲು ನಿಮಗೆ ರೂಢಿ ಅಂದವರಿಗೆ



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಜಯಂತಿಗೆ ಮುಂಚೆ ಓದಿದ್ರೆ ಇನ್ನೂ ಒಳ್ಳೇದು.

ಹೋದ ವಾರ ನಮ್ಮೂರ ಕೇರಿಯಲ್ಲಿ ಜಯಂತಿ ತಯಾರಿ ಸಭೆ ಇತ್ತು. ನಾನೊಂದು ಮಾತು ಎತ್ತಿದೆ. ಈ ಸಲ ಮೆರವಣಿಗೆ ಮಧ್ಯಾಹ್ನ ಹನ್ನೆರಡಕ್ಕೆ ಬೇಡ, ಸಂಜೆ ಐದರ ಮೇಲೆ ಇಟ್ಕೊಳ್ಳೋಣ. ಮಕ್ಕಳಿಗೆ ಸುತ್ತಲೂ ಅಂಚಿರೋ ನೀಲಿ ಟೋಪಿ ಹೊಲಿಸೋಣ ಅಂದೆ. ಹಿರಿಯ ಸಂಗಾತಿಯೊಬ್ಬರು ನಕ್ಕು, "ಏನ್ ತಮ್ಮಾ, ಬೆಂಗಳೂರು ಗಾಳಿ ಹತ್ತೈತೇನು? ಹಂಗಾದ್ರ ಸನ್‌ಸ್ಕ್ರೀನ್ ಸೈತ ಹಂಚೋಣು. ನಮ್ಮ ಮಂದಿಗೆ ಬಿಸ್ಲು ರೂಢಿ ಐತಿ ಬಿಡು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಯಾಕಂದ್ರೆ ಆ ಮಾತು ನಾನು ಮೊದಲು ಕೇಳಿದ್ದು ನಮ್ಮವರ ಬಾಯಲ್ಲಿ ಅಲ್ಲ. ನಾನು ಎಂಟು ಒಂಬತ್ತು ವರ್ಷದವನಿದ್ದಾಗ ಅವ್ವನ ಜೊತೆ ಹತ್ತಿ ಬಿಡಿಸೋಕೆ ಹೋಗ್ತಿದ್ದೆ. ಹೊಲದ ಬದುವಿನ ಮೇಲೆ ಒಂದು ಬೇವಿನ ಮರ. ಅದರ ಕೆಳಗೆ ಧಣಿಯ ಹೊರಸು. ಊಟದ ಹೊತ್ತಲ್ಲಿ ಆ ನೆರಳಿನ ಅಂಚಿಗೆ ಹೋಗಿ ಕೂತಿದ್ದಕ್ಕೆ ಧಣಿ ಅಂದಿದ್ದು: "ಏ, ಆ ಕಡೆ ಕುಂದರ್ರಿ. ನಿಮಗೇನಲೇ, ಬಿಸ್ಲು ರೂಢಿ ಐತಿ."

ಊರ ಕಟ್ಟೆ ನೆನಪು ಮಾಡ್ಕೊಳ್ಳಿ. ಅರಳಿ ಮರ, ಬೇವಿನ ಮರ, ಸುತ್ತ ಕಲ್ಲಿನ ಕಟ್ಟೆ. ಊರಿನ ಅತ್ಯಂತ ತಂಪಾದ ಜಾಗ. ಅದರ ಮೇಲೆ ನಮ್ಮಪ್ಪ ಒಂದು ದಿನ ಕೂತಿದ್ದು ನಾನು ನೋಡಿಲ್ಲ. ಹೋಟೆಲಿನಲ್ಲಿ ನಮ್ಮ ಲೋಟ ಹೊರಗೆ, ನಾವೂ ಹೊರಗೆ, ಅಂದ್ರೆ ಬಿಸಿಲಲ್ಲಿ. ನೀರು ಮುಟ್ಟಬಾರದು ಅಂದಿದ್ದು ನಮಗೆಲ್ಲ ನೆನಪಿದೆ. 1927ರ ಮಹಾಡ್ ಗೊತ್ತಿದೆ. ನೆರಳಿಗೂ ಬರಬಾರದು ಅಂದಿದ್ದನ್ನ ಮಾತ್ರ ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಬಿಸಿಲಲ್ಲಿ ನಿಲ್ಲಿಸಿದವರೇ "ಇವರಿಗೆ ರೂಢಿ" ಅಂತ ಹೆಸರಿಟ್ಟರು. ಈಗ ನಾವೇ ಅದನ್ನ ಹೆಮ್ಮೆಯಿಂದ ಹೇಳ್ಕೊಳ್ತಿದ್ದೀವಿ.

ಇದನ್ನೆಲ್ಲ ಬರೀತಿರೋದು ನಮ್ಮ ಚಿಗಪ್ಪನ ಮಗನಿಗೋಸ್ಕರ. ಹೆಸರು ಬೇಡ. ನನಗೆ ತಮ್ಮ, ಅಷ್ಟು ಸಾಕು.

ಅವನು ಹುಟ್ಟಿದ್ದು ಬೆಳ್ಳಗೆ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಆಲ್ಬಿನಿಸಂ ಅಂತ ಅದಕ್ಕೆ ಹೆಸರು. ನಮ್ಮ ಚರ್ಮಕ್ಕೆ ಕಪ್ಪು ಕೊಡೋ ಮೆಲನಿನ್ ಅವರ ಮೈಯಲ್ಲಿ ತಯಾರಾಗೋದಿಲ್ಲ, ಆದರೂ ತೀರಾ ಕಡಿಮೆ. ಇದು ತೊನ್ನಲ್ಲ, ಅಂಟುರೋಗ ಅಲ್ಲ, ಗ್ರಹಣದ ದೋಷವೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದ್ರೆ ಮಾತ್ರ ಸಾಮಾನ್ಯವಾಗಿ ಹೀಗೆ ಹುಟ್ಟೋದು. ಅವರಿಬ್ಬರೂ ನೋಡೋಕೆ ಎಲ್ಲರ ಹಾಗೇ ಇರ್ತಾರೆ. ಸಂಬಂಧದಲ್ಲೇ ಮದುವೆ ಮಾಡ್ಕೊಳ್ಳೋ ಮನೆತನಗಳಲ್ಲಿ ಸಾಧ್ಯತೆ ಹೆಚ್ಚು. ಇಷ್ಟೇ ವಿಜ್ಞಾನ.

ಊರು ಇದನ್ನ ಹೀಗೆ ನೋಡಲಿಲ್ಲ. ಚಿಗವ್ವ ಧಣಿಯ ಮನೆಗೆ ಕಸಮುಸುರೆಗೆ ಹೋಗ್ತಿದ್ದಳು. "ಇದು ಯಾರ ಕೂಸು?" ಅಂತ ಕೇಳಿದವರು ಎಷ್ಟು ಮಂದಿಯೋ. ಆ ಮಾತು ಕೇಳ್ಕೊಂಡೇ ಆಕೆ ಮಗನ್ನ ಬೆಳೆಸಿದಳು. ಬೆಳ್ಳಗಾಗೋಕೆ ಕ್ರೀಮು ಮಾರೋ ಈ ದೇಶದಲ್ಲಿ ಬೆಳ್ಳಗೆ ಹುಟ್ಟಿದ ಕೇರಿ ಹುಡುಗನಿಗೆ ಸಿಕ್ಕಿದ್ದು ಹೊಲಸು ಮಾತು.

ಆಲ್ಬಿನಿಸಂ ಇರೋರಿಗೆ ಕಣ್ಣೂ ಮಂದ ಇರ್ತದೆ. ಕಣ್ಣಗುಡ್ಡೆ ಅಲುಗಾಡ್ತದೆ, ಬೆಳಕು ಚುಚ್ಚುತ್ತದೆ, ದೂರದ್ದು ಕಾಣಲ್ಲ. ಅವನನ್ನ ಶಾಲೆಯಲ್ಲಿ ಹಿಂದೆ ಕೂರಿಸಿದರು. ಬೋರ್ಡು ಕಾಣಲಿಲ್ಲ. ಕಾಣಲ್ಲ ಅಂತ ಹೇಳೋಕೆ ಅವನಿಗೆ ಧೈರ್ಯ ಇರಲಿಲ್ಲ, ಕೇಳೋಕೆ ಮಾಸ್ತರರಿಗೆ ವ್ಯವಧಾನ ಇರಲಿಲ್ಲ. ದಡ್ಡ ಅಂತ ತೀರ್ಮಾನ ಆಯ್ತು. ಐದನೇ ಕ್ಲಾಸಿಗೆ ಬಿಟ್ಟ. ಮಂದ ದೃಷ್ಟಿ ಅನ್ನೋದು 1995ರ ಅಂಗವಿಕಲರ ಕಾಯ್ದೆಯಲ್ಲೇ ಇತ್ತು, 2016ರ ಕಾಯ್ದೆಯಲ್ಲೂ ಇದೆ. ಆ ಪರೀಕ್ಷೆ ಮಾಡಿಸಬೇಕು, ಪ್ರಮಾಣಪತ್ರ ಕೇಳಬೇಕು ಅಂತ ನಮ್ಮ ಮನೆಗೆ ಬಂದು ಹೇಳಿದವರು ಒಬ್ಬರೂ ಇಲ್ಲ.

ಶಾಲೆ ಬಿಟ್ಟ ಕೇರಿ ಹುಡುಗ ಹೋಗೋದೆಲ್ಲಿಗೆ? ಹೊಲಕ್ಕೆ. ಅದೂ ರಾಯಚೂರು ಜಿಲ್ಲೆಯ ಬಿಸಿಲಿಗೆ. ಮುಖ ಕೆಂಪಗಾಗಿ ಸುಲಿಯೋದು, ತುಟಿ ಒಡೆಯೋದು. "ಸ್ವಲ್ಪ ದಿನ ಆಗ್ಲಿ, ರೂಢಿ ಆಗ್ತೈತಿ" ಅಂದರು. ಅವನ ಚರ್ಮಕ್ಕೆ ರೂಢಿ ಆಗೋ ಶಕ್ತಿಯೇ ಇಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ, ಕೂಲಿ ಬಿಡೋಕೆ ಆಗ್ತಿತ್ತಾ?

ಇಪ್ಪತ್ನಾಲ್ಕನೇ ವಯಸ್ಸಿಗೆ ಎಡಗಿವಿಯ ಮೇಲೆ ಒಂದು ಹುಣ್ಣಾಯ್ತು. ಹೆಕ್ಕಳ ಕಟ್ಟೋದು, ಕಿತ್ತು ಬರೋದು, ರಕ್ತ ಒಸರೋದು, ಮತ್ತೆ ಕಟ್ಟೋದು. ಊರಿಗೆ ಬರೋ ಡಾಕ್ಟರ್ ಒಂದು ವರ್ಷದ ಮೇಲೆ ಮುಲಾಮು, ಸೂಜಿ ಕೊಟ್ಟರು. ಕೊನೆಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದಾಗ ಒಂದು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿ ಚರ್ಮದ ಕ್ಯಾನ್ಸರ್ ಅಂದರು. ಅಷ್ಟೊತ್ತಿಗೆ ಕುತ್ತಿಗೆಯ ಗಂಟಿಗೆ ಹಬ್ಬಿತ್ತು. ಕಿವಿ ತೆಗೆದರು, ಕರೆಂಟ್ ಕೊಟ್ಟರು. ವರ್ಷದೊಳಗೆ ಮತ್ತೆ ಬಂತು. ಇಪ್ಪತ್ತೇಳಕ್ಕೆ ಹೋದ.

ಡಾಕ್ಟರ್ ಒಬ್ಬರು ನನಗೆ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತೆ. ಇದು ಸಣ್ಣದಿದ್ದಾಗಲೇ ಬಂದಿದ್ರೆ, ಬರೀ ಅಷ್ಟು ಜಾಗ ಕೊಯ್ದು ಹೊಲಿಗೆ ಹಾಕಿ ಕಳಿಸ್ತಿದ್ದೆವು ಅಂದರು.

ಈಗ ನನ್ನ ತಪ್ಪು ಹೇಳ್ತೀನಿ. ಅವನಿಗೆ ಹುಣ್ಣಾದ ಆ ವರ್ಷ ಜಯಂತಿಗೆ ಊರಿಗೆ ಹೋಗಿದ್ದೆ. ಮಧ್ಯಾಹ್ನದ ರಣಬಿಸಿಲಲ್ಲಿ, ಬರಿದಲೆಯಲ್ಲಿ, ನೀಲಿ ಬಾವುಟ ಹಿಡಿದು ಅವನು ಮೆರವಣಿಗೆಯ ಮುಂದೆ ನಡೀತಿದ್ದ. ಫೋಟೊ ತೆಗೆದು ಇದೇ ಗೋಡೆಯಲ್ಲಿ ಹಾಕಿದ್ದೆ. "ಉರಿಬಿಸಿಲಿಗೂ ಬಗ್ಗದ ನನ್ನ ತಮ್ಮ" ಅಂತ ಬರೆದಿದ್ದೆ. ನಿಮ್ಮಲ್ಲೇ ಎಷ್ಟೋ ಜನ ಲೈಕ್ ಒತ್ತಿದ್ದೀರಿ. ಆ ಫೋಟೊದಲ್ಲಿ ಕಿವಿ ಮೇಲಿನ ಹುಣ್ಣು ಚೆನ್ನಾಗಿ ಕಾಣ್ತದೆ. ಅವತ್ತು ಅವನೇ ತೋರಿಸಿ "ಯಣ್ಣಾ, ಇದು ಮಾಯವಲ್ದು ನೋಡು" ಅಂದಿದ್ದ. "ಮುಲಾಮು ಹಚ್ಚು, ಹೋಗ್ತದೆ" ಅಂದಿದ್ದೆ. ಮೀಸಲಾತಿ, ಒಳಮೀಸಲಾತಿ, ಬಜೆಟ್ಟು ಅಂತ ಗಂಟೆಗಟ್ಟಲೆ ಮಾತಾಡ್ತಿದ್ದ ನನಗೆ ಕಣ್ಣ ಮುಂದಿನ ಹುಣ್ಣು ಕಾಣಲಿಲ್ಲ. ಬಿಸಿಲು ಸಹಿಸೋದನ್ನ ನಾನೂ ಹೋರಾಟ ಅಂದ್ಕೊಂಡಿದ್ದೆ.

ಇನ್ನು ವಿಷಯಕ್ಕೆ ಬರೋಣ. "ಕಪ್ಪು ಚರ್ಮಕ್ಕೆ ಕ್ಯಾನ್ಸರ್ ಬರಲ್ಲ, ಅದು ಬಿಳಿಯರ ಕಾಯಿಲೆ" ಅಂತ ನಮ್ಮಲ್ಲಿ ಓದಿದವರೂ ಹೇಳ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ, ಆ ಅರ್ಧವನ್ನ ಒಪ್ಪಿಕೊಳ್ಳೋಣ. ಬಿಸಿಲಿನಲ್ಲಿರೋ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಚರ್ಮದ ಕಣಗಳನ್ನ ಕೆಡಿಸ್ತವೆ. ಮೆಲನಿನ್ ಅದರಲ್ಲಿ ಒಂದಷ್ಟನ್ನ ತಡೀತದೆ. ಹಾಗಾಗಿ ನಮ್ಮ ದೇಶದಲ್ಲಿ ಎಲ್ಲ ಕ್ಯಾನ್ಸರುಗಳ ಲೆಕ್ಕದಲ್ಲಿ ಚರ್ಮದ್ದು ಸಣ್ಣ ಪಾಲು. ನಮ್ಮ ಕಪ್ಪು ನಮಗೆ ರಕ್ಷಣೆ, ಅವಮಾನ ಅಲ್ಲ. ಇದನ್ನ ಎದೆ ತಟ್ಟಿ ಹೇಳೋಣ.

ಉಳಿದರ್ಧವನ್ನೂ ಕೇಳಿ. ಮೆಲನಿನ್ ಇಲ್ಲದೆ ಹುಟ್ಟಿದವರಿಗೆ ಆ ರಕ್ಷಣೆ ಇಲ್ಲ. ಎರಡನೇದು, ಕಪ್ಪು ಚರ್ಮದವರಿಗೆ ಬರೋ ಚರ್ಮದ ಕ್ಯಾನ್ಸರ್ ಎಷ್ಟೋ ಸಲ ಬಿಸಿಲು ಬೀಳದ ಜಾಗದಲ್ಲೇ ಬರ್ತದೆ. ಅಂಗಾಲು, ಅಂಗೈ, ಉಗುರಿನ ಬುಡ. ಬಾಬ್ ಮಾರ್ಲಿ ಹಾಡು ನಮ್ಮ ಎಷ್ಟೋ ಕಾರ್ಯಕ್ರಮಗಳಲ್ಲಿ ಕೇಳ್ತೀವಿ. ಅವರಿಗೆ ಬಂದಿದ್ದು ಇದೇ. ಕಾಲ್ಬೆರಳಿನ ಉಗುರಿನ ಕೆಳಗೆ. ಫುಟ್‌ಬಾಲ್ ಆಡುವಾಗ ಆದ ಗಾಯ ಅಂತಲೇ ಮೊದಲು ತಿಳಿದಿದ್ದರು. 1977ರಲ್ಲಿ ಗೊತ್ತಾಯ್ತು, 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಇಡೀ ದಿನ ಬರಿಗಾಲಲ್ಲಿ ಕೆಸರಲ್ಲಿ ನಿಲ್ಲೋ ನಮ್ಮ ಹೆಣ್ಮಕ್ಕಳ ಅಂಗಾಲನ್ನ ನೋಡೋರು ಯಾರು? ಅಲ್ಲಿ ಕಪ್ಪು ಮಚ್ಚೆ ಬಂದ್ರೆ ಮುಳ್ಳು ಚುಚ್ಚಿರಬೇಕು ಅಂದ್ಕೋತೀವಿ.

ಮೂರನೇದು, ಸುಟ್ಟ ಗಾಯದ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು. ಅವುಗಳ ಮೇಲೂ ಕ್ಯಾನ್ಸರ್ ಬೆಳೀಬಹುದು. ಒಲೆ, ಇಟ್ಟಿಗೆ ಭಟ್ಟಿ, ಡಾಂಬರು, ಇಲ್ಲೆಲ್ಲ ಕೆಲಸ ಮಾಡೋರು ಯಾರು ಅಂತ ಬೇರೆ ಹೇಳಬೇಕಾ?

ನಾಲ್ಕನೇದು ನೀರು. ನಮ್ಮ ಕಡೆಯಿಂದ ಕೃಷ್ಣೆ ದಾಟಿದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕು. ಅಲ್ಲಿ ಕಿರದಳ್ಳಿ ತಾಂಡಾ. ಹಳೇ ಚಿನ್ನದ ಗಣಿಗಳ ಪ್ರದೇಶ. ಬೋರಿನ ನೀರಲ್ಲಿ ಆರ್ಸೆನಿಕ್. ಕುಡಿಯೋ ನೀರಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಲ್ಲಿ ಅದು ಎಷ್ಟೋ ಪಟ್ಟು ದಾಟಿತ್ತು. ಜನರ ಮೈಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕೆ, ಅಂಗೈ ಅಂಗಾಲಲ್ಲಿ ಗಟ್ಟಿ ಗಂಟು, ಕೆಲವರಿಗೆ ಚರ್ಮದ ಕ್ಯಾನ್ಸರ್. 2013ರಲ್ಲಿ ಸಂಶೋಧಕರು ಇದನ್ನ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಲಂಬಾಣಿ ಜನರ ಚರ್ಮ ಏನು ಬೆಳ್ಳಗಿತ್ತಾ?

ಬಿಸಿಲಿನ ಕೆಲಸ ಅನ್ನೋದೇ ಒಂದು ಅಪಾಯ ಅಂತ ಜಗತ್ತು ಒಪ್ಪಿಯಾಗಿದೆ. ಸೂರ್ಯನ ಕಿರಣ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಹೇಳಿದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಒಂದು ಲೆಕ್ಕ ಕೊಟ್ಟವು. ಮೆಲನೋಮಾ ಬಿಟ್ಟು ಉಳಿದ ಚರ್ಮದ ಕ್ಯಾನ್ಸರಿನಿಂದ ಸಾಯೋ ಮೂವರಲ್ಲಿ ಹತ್ತಿರತ್ತಿರ ಒಬ್ಬರು ಬಿಸಿಲಲ್ಲಿ ದುಡಿದಿದ್ದಕ್ಕೇ ಸಾಯ್ತಿದ್ದಾರೆ. ಇದು ಚರ್ಮದ ಬಣ್ಣದ ಪ್ರಶ್ನೆ ಅಷ್ಟೇ ಅಲ್ಲ, ದುಡಿಮೆಯ ಪ್ರಶ್ನೆ. ನಮ್ಮ ದೇಶದಲ್ಲಿ ಬಿಸಿಲಿನ ದುಡಿಮೆ ಯಾರ ಪಾಲಿಗೆ ಬಂದಿದೆ ಅನ್ನೋದು ಜಾತಿಯ ಪ್ರಶ್ನೆ.

ಹಂಗಾದ್ರೆ ಏನು ನೋಡಬೇಕು? ಇದನ್ನ ಉಳಿಸಿಟ್ಕೊಳ್ಳಿ, ಕೇರಿಯ ವಾಟ್ಸಾಪ್ ಗುಂಪಿಗೆ ಹಾಕಿ.

* ನಾಲ್ಕು ವಾರ ಆದ್ರೂ ಮಾಯದ ಹುಣ್ಣು. ಹೆಕ್ಕಳ ಕಟ್ಟಿ ಕಿತ್ತು ರಕ್ತ ಒಸರ್ತಿದ್ರೆ ಇನ್ನೂ ಎಚ್ಚರ. ಕಿವಿ, ಮೂಗು, ಕೆಳತುಟಿ, ಕುತ್ತಿಗೆ, ಮುಂಗೈ ನೋಡ್ಕೊಳ್ಳಿ.
* ಅಂಗಾಲು, ಅಂಗೈಯಲ್ಲಿ ಹೊಸದಾಗಿ ಬಂದ, ಬೆಳೀತಾ ಇರೋ, ಅಂಚು ವಕ್ರವಕ್ರ ಇರೋ ಕಪ್ಪು ಮಚ್ಚೆ.
* ಒಂದೇ ಒಂದು ಉಗುರಿನಲ್ಲಿ ಉದ್ದುದ್ದ ಕಪ್ಪು ಗೆರೆ ಬಂದು ಅಗಲ ಆಗ್ತಿದ್ರೆ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದ್ರೆ. ಕಪ್ಪು ಮೈಬಣ್ಣದವರಿಗೆ ಹಲವು ಉಗುರುಗಳಲ್ಲಿ ತೆಳು ಗೆರೆ ಇರೋದು ಸಾಮಾನ್ಯ, ಅದಕ್ಕೆ ಹೆದರಬೇಡಿ.
* ಹಳೇ ಸುಟ್ಟ ಕಲೆ ಮೇಲೆ ಹೊಸ ಗಂಟು, ಹುಣ್ಣು.
* ಮಳೆಹನಿಯಂಥ ಚುಕ್ಕೆ, ಅಂಗೈ ಅಂಗಾಲಲ್ಲಿ ಗಟ್ಟಿ ಗಂಟು. ಮನೆಮಂದಿಗೆಲ್ಲ ಇದ್ರೆ ಮೊದಲು ನೀರು ಪರೀಕ್ಷೆ ಮಾಡಿಸಿ.

ಇವೆಲ್ಲ ಕ್ಯಾನ್ಸರೇ ಅಂತಲ್ಲ. ಬಹಳಷ್ಟು ಸಲ ಅಲ್ಲವೇ ಅಲ್ಲ. ಆದರೆ ಅದನ್ನ ಹೇಳಬೇಕಾದವರು ಚರ್ಮದ ಡಾಕ್ಟರು, ಮುಲಾಮು ಮಾರೋರಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ. ಚೂರು ತೆಗೆದು ಪರೀಕ್ಷೆ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ. "ಚೂರು ತೆಗೆದ್ರೆ ಕ್ಯಾನ್ಸರ್ ಹಬ್ಬುತ್ತೆ" ಅನ್ನೋದು ಸುಳ್ಳು. ಕ್ಯಾನ್ಸರ್ ಅಂತಾದ್ರೆ ಬೆಂಗಳೂರಿನ ಕಿದ್ವಾಯಿ ಇದೆ, ಕಲಬುರಗಿಯಲ್ಲಿ ಅದರ ಶಾಖೆ ಇದೆ. ಬಿಪಿಎಲ್ ಕಾರ್ಡ್, ಆಧಾರ್ ಜೊತೇಲಿರಲಿ, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಕೇಳಿ.

ಬಿಸಿಲಿಂದ ತಪ್ಪಿಸ್ಕೊಳ್ಳೋದು ಹೇಗೆ? ನಮ್ಮ ಅವ್ವಂದಿರಿಗೆ ಅರ್ಧ ಗೊತ್ತೇ ಇದೆ. ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಹೊಲಕ್ಕೆ ಹೋಗ್ತಾರಲ್ಲ, ಅದೇ ದೊಡ್ಡ ರಕ್ಷಣೆ. ಒತ್ತಾಗಿ ನೇಯ್ದ ಬಟ್ಟೆ ಇರಲಿ, ಕಿವಿ ಕುತ್ತಿಗೆ ಮುಚ್ಚಿರಲಿ. ಕ್ರಿಕೆಟ್ ಟೋಪಿ ಕಿವಿ ಮುಚ್ಚಲ್ಲ, ಸುತ್ತ ಅಂಚಿರೋದು ಬೇಕು. ಗಡಿಯಾರ ಬೇಡ, ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಿದೆ ಅಂತ ಅರ್ಥ. ನಮ್ಮ ರಾಯಚೂರಲ್ಲಿ ಮೇ ಮೊದಲ ವಾರದ ನಡುಮಧ್ಯಾಹ್ನ ನೆರಳು ಪಾದದಡಿಗೇ ಬಂದುಬಿಡ್ತದೆ. ಮೋಡ ಇದ್ದರೂ ಕಿರಣ ಬರ್ತದೆ, ಸೆಖೆ ಇಲ್ಲ ಅಂತ ಮೋಸ ಹೋಗಬೇಡಿ.

ಸನ್‌ಸ್ಕ್ರೀನ್ ಬಗ್ಗೆ ನೇರ ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಬಟ್ಟೆ, ಟೋಪಿ, ನೆರಳೇ ಮುಖ್ಯ. ಆಲ್ಬಿನಿಸಂ ಇರೋರಿಗೆ ಮಾತ್ರ ಅದು ಶೋಕಿ ಅಲ್ಲ, ಔಷಧಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಹೊರಗೆ ಹೋಗೋ ಮೊದಲೇ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಕಿವಿ ತುಟಿ ಬಿಡಬಾರದು. ಒಂದು ಸಣ್ಣ ಟ್ಯೂಬಿಗೆ ಒಂದು ದಿನದ ಕೂಲಿ ಹೋಗ್ತದೆ. ಅಷ್ಟು ಕೊಟ್ಟು ಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳಲಿ? ಅದನ್ನ ಪ್ರಾಥಮಿಕ ಆರೋಗ್ಯ ಕೇಂದ್ರ ಪುಕ್ಕಟೆ ಕೊಡಬೇಕು. ಇನ್ನು, ಬೆಳ್ಳಗಾಗೋ ಕ್ರೀಮು ಸನ್‌ಸ್ಕ್ರೀನ್ ಅಲ್ಲ. ಸ್ಟೆರಾಯ್ಡ್ ಇರೋ ಕ್ರೀಮು ಮುಖಕ್ಕೆ ತಿಕ್ಕೊಂಡ್ರೆ ಚರ್ಮ ತೆಳುವಾಗಿ ಬಿಸಿಲು ಇನ್ನಷ್ಟು ಸುಡ್ತದೆ. ನಮ್ಮ ಹುಡುಗ ಹುಡುಗಿಯರೇ, ದಯವಿಟ್ಟು ಅದನ್ನ ಕಸದ ಬುಟ್ಟಿಗೆ ಹಾಕಿ.

ಆದರೆ ಟೋಪಿ ಹಾಕ್ಕೊಳ್ಳಿ, ನೆರಳಲ್ಲಿರಿ ಅಂತ ನಮಗೇ ಉಪದೇಶ ಮಾಡಿ ಮುಗಿಸೋದು ಅನ್ಯಾಯ. ಕೂಲಿಯವಳ ಕೈಯಲ್ಲಿ ಸಮಯ ಎಲ್ಲಿದೆ? ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗ್ತದೆ. ಕಾರಣ ಬಿಸಿಲು. ಒಳ್ಳೇದೇ, ನನ್ನ ತಕರಾರಿಲ್ಲ. ಫ್ಯಾನಿನ ಕೆಳಗೆ ಕೂತವರಿಗೆ ಸುಡೋ ಬಿಸಿಲು ಹೊಲದಲ್ಲಿ, ರಸ್ತೆಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ನಿಂತವರಿಗೆ ಸುಡೋದಿಲ್ವಾ? ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ನೆರಳು, ಕುಡಿಯೋ ನೀರು, ಪ್ರಥಮ ಚಿಕಿತ್ಸೆ ಇರಬೇಕು ಅಂತ ನರೇಗಾ ಕಾನೂನಿನ ಅನುಸೂಚಿಯಲ್ಲೇ ಬರೆದರು. ನೆರಳಿನ ಚಪ್ಪರ ಎಷ್ಟು ಕಡೆ ನೋಡಿದ್ದೀರಿ? ನಾನಂತೂ ಹೆಚ್ಚಾಗಿ ಫೋಟೊದಲ್ಲೇ ನೋಡಿದ್ದು.

1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಬಾಬಾಸಾಹೇಬರು. ದುಡಿಯೋರ ಕೆಲಸದ ಹೊತ್ತನ್ನ ಕಾನೂನಿನಲ್ಲಿ ಇನ್ನಷ್ಟು ಕಡಿಮೆ ಮಾಡೋಕೆ ಮುಂದಾದವರು. ಅವರ ಜಯಂತಿ ಬರೋದು ಸರಿಯಾಗಿ ಬಿಸಿಲಿನ ನಡುವೆ. ಈ ಸಲ ಅರ್ಜಿಯಲ್ಲಿ ಈ ನಾಲ್ಕು ಬೇಡಿಕೆ ಸೇರಿಸೋಣ:

1. ಬೇಸಿಗೆಯಲ್ಲಿ ಹನ್ನೊಂದರಿಂದ ಮೂರರವರೆಗೆ ಬಯಲು ಕೆಲಸಕ್ಕೆ ಬಿಡುವು. ಕೂಲಿ ಕಡಿಯಬಾರದು. ಪೌರಕಾರ್ಮಿಕರಿಗೂ ಇದು ಅನ್ವಯಿಸಬೇಕು.
2. ಕೆಲಸದ ಜಾಗದಲ್ಲಿ ನೆರಳು, ನೀರು ಇಲ್ಲದಿದ್ರೆ ಜವಾಬ್ದಾರಿ ಯಾರದು ಅಂತ ನಿಗದಿಯಾಗಬೇಕು.
3. ಆಲ್ಬಿನಿಸಂ ಇರೋ ಪ್ರತಿಯೊಬ್ಬರಿಗೂ ಪುಕ್ಕಟೆ ಸನ್‌ಸ್ಕ್ರೀನ್, ಕನ್ನಡಕ, ವರ್ಷಕ್ಕೊಮ್ಮೆಯಾದರೂ ಚರ್ಮ ಮತ್ತು ಕಣ್ಣಿನ ತಪಾಸಣೆ. 2013ರ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆಯ ದುಡ್ಡು ಇಂಥದ್ದಕ್ಕೇ ಇರೋದು, ಬೇರೆ ಕಡೆ ತಿರುಗಿಸೋಕಲ್ಲ.
4. ಆಶಾ ಕಾರ್ಯಕರ್ತೆಯರಿಗೆ ಮಾಯದ ಹುಣ್ಣು, ಅಂಗಾಲಿನ ಮಚ್ಚೆ ಗುರುತಿಸೋ ತರಬೇತಿ. ಹೆಚ್ಚಿನ ಕೆಲಸಕ್ಕೆ ಅವರಿಗೆ ಹೆಚ್ಚಿನ ದುಡ್ಡು.

ಕೊನೆಯದಾಗಿ, ಇದನ್ನೆಲ್ಲ ಈಗಲೇ ಯಾಕೆ ಬರೆದೆ ಅಂದ್ರೆ, ನನ್ನ ತಮ್ಮನ ಅಕ್ಕನಿಗೆ ಒಬ್ಬಳು ಮಗಳಿದ್ದಾಳೆ. ಸೋದರತ್ತೆ ಮಗನಿಗೇ ಕೊಟ್ಟು ಮದುವೆ ಮಾಡಿದ್ದರು. ಕೂಸು ಮಾವನ ಹಾಗೇ ಬೆಳ್ಳಗೆ ಹುಟ್ಟಿದೆ. "ಅವನೇ ತಿರುಗಿ ಬಂದಾನ" ಅಂತ ಚಿಗವ್ವ ಅಳ್ತಾಳೆ, ನಗ್ತಾಳೆ. ಬರೋ ಜೂನಿಗೆ ಅವಳು ಒಂದನೇ ಕ್ಲಾಸು.

ನಾನು ಹೋಗಿ ಹೆಡ್‌ಮೇಷ್ಟ್ರ ಹತ್ರ ಮಾತಾಡಿ ಬಂದಿದ್ದೀನಿ. ಮುಂದಿನ ಬೆಂಚು, ಕಿಟಕಿಗೆ ಬೆನ್ನು. ಪ್ರಾರ್ಥನೆ ಹೊತ್ತಲ್ಲಿ, ಆಟದ ಹೊತ್ತಲ್ಲಿ ನೆರಳು. ಟೋಪಿ ತೆಗಿ ಅಂತ ಯಾರೂ ಅನ್ನಬಾರದು. ದೊಡ್ಡಕ್ಷರದ ಪುಸ್ತಕ. ಕಣ್ಣಿನ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗಿದೆ. ಮೇಷ್ಟ್ರು ಒಳ್ಳೆಯವರು, ಎಲ್ಲ ಬರ್ಕೊಂಡರು. ಹೊರಡುವಾಗ ಮಾತ್ರ, "ಚಿಂತಿ ಮಾಡಬ್ಯಾಡ್ರಿ ಸರ್, ಸಣ್ಣ ಕೂಸು, ಬಿಸ್ಲು ರೂಢಿ ಆಗ್ತೈತಿ" ಅಂದರು.

ಮತ್ತೆ ಕೂತೆ. ಮೊದಲಿಂದ ಎಲ್ಲ ಹೇಳಿದೆ.

ನಿಮ್ಮೂರಲ್ಲೂ ಇಂಥ ಮಕ್ಕಳಿರ್ತಾರೆ. ಹೋಗಿ ಮಾತಾಡಿ. ಜಯಂತಿ ಮೆರವಣಿಗೆ ಸಂಜೆಗೆ ಇಡಿ. ಅದಾಗದಿದ್ರೆ ದಾರಿಯಲ್ಲಿ ಚಪ್ಪರ, ನೀರು ಇಡಿ. ನಮ್ಮೂರಲ್ಲಿ ನಾಳೆ ಮತ್ತೆ ಸಭೆ ಇದೆ. ಈ ಸಲ ಯಾರಾದ್ರೂ ನಕ್ಕರೆ ನಾನು ನಗೋದಿಲ್ಲ, ತಮ್ಮನ ಆ ಫೋಟೊ ತೋರಿಸ್ತೀನಿ.

ಜೈಭೀಮ್.